ಒಂದು ದಿನದ ಹೆಸರು

ಪುತ್ತೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪದ್ಮಯ್ಯನ ಟ್ರಾವೆಲ್ಸ್ ಆಫೀಸು. ಆಫೀಸು ಎಂದರೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಹೊರಗೆ ಮೂರು ಗಾಡಿ ನಿಲ್ಲುವಷ್ಟು ಜಾಗ. ಬೆಳಿಗ್ಗೆ ಆರೂವರೆಗೆ ಹಕೀಮ್ ಅಲ್ಲಿಗೆ ಬಂದಾಗ ಅವನ ಕಣ್ಣು ಇನ್ನೂ ಉರಿಯುತ್ತಿತ್ತು. ಮದುವೆಯ ಸೀಸನ್ನು. ರಜೆಯಿಲ್ಲದೆ ಗಾಡಿ ಓಡಿಸುತ್ತಿರುವುದು ಇದು ಹನ್ನೊಂದನೆಯ ದಿನ. ಹಿಂದಿನ ದಿನ ಎರಡು ಸಲ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿ ಬಂದಿದ್ದ. ಐವತ್ತೊಂದರ ಸೊಂಟ ಈಗ ಮೊದಲಿನ ಹಾಗೆ ಮಾತು ಕೇಳುತ್ತಿರಲಿಲ್ಲ.

ಪದ್ಮಯ್ಯ ಬಿಳಿ ಗಾಡಿಯ ಒಳಗೆ ಬಗ್ಗಿ ಏನೋ ಮಾಡುತ್ತಿದ್ದ. ಹೊರಗೆ ಬಂದಾಗ ಅವನ ಕೈಯಲ್ಲಿ ಹಕೀಮ್ ಕನ್ನಡಿಗೆ ನೇತುಹಾಕಿದ್ದ ಹಸಿರು ಬಣ್ಣದ ಗೊಂಡೆ ಇತ್ತು. ಅದನ್ನು ಮೇಜಿನ ಡ್ರಾವರಿಗೆ ಹಾಕಿ, ಹಕೀಮನ ಮುಖ ನೋಡದೆ ಹೇಳಿದ.

"ಇವತ್ತು ಒಂದು ದಿನ ಹರೀಶ ಅಂತ ಹೇಳು ಮಾರಾಯ."

ಹಕೀಮನಿಗೆ ಇದೇನೂ ಮೊದಲ ಸಲವಲ್ಲ. ಈ ವರ್ಷದಲ್ಲೇ ಮೂರನೆಯದು.

"ಮೈಸೂರಿನವರು. ಸುಳ್ಯಕ್ಕೆ ಮದುವೆಗೆ ಬಂದದ್ದು, ಇಲ್ಲಿ ಲಾಡ್ಜಿನಲ್ಲಿದ್ದಾರೆ. ಒಂದು ದಿನ ಹಳೆಯ ಜಾಗ ಎಲ್ಲ ನೋಡ್ಬೇಕಂತೆ, ಬೆಳ್ಳಾರೆ, ಕೋಟೆ, ಅಂತದ್ದು. ಫೋನಿನಲ್ಲಿ ಮೊದಲೇ ಕೇಳಿದ್ರು, ಡ್ರೈವರ್ ನಮ್ಮವರೇ ಅಲ್ವಾ ಅಂತ. ನಾನು ಎಂತ ಹೇಳುದು? ಉಳಿದ ಡ್ರೈವರುಗಳಿಬ್ಬರೂ ಧರ್ಮಸ್ಥಳಕ್ಕೆ ಹೋಗಿದ್ದಾರೆ. ಇಲ್ಲ ಅಂದ್ರೆ ಅವರು ಬೇರೆ ಕಡೆ ಹೋಗ್ತಾರೆ. ಗಾಡಿ ನಿಂತ್ರೆ ನನಗೂ ಇಲ್ಲ, ನಿನಗೂ ಇಲ್ಲ."

"ಆಯ್ತು ಪದ್ಮಯ್ಯಣ್ಣ" ಎಂದ ಹಕೀಮ್. ಜಗಳ ಮಾಡುವುದಕ್ಕೂ ತ್ರಾಣ ಬೇಕು.

ಗಾಡಿ ಹೊರಡಿಸುವ ಮೊದಲು ಅವನು ಇನ್ನೊಂದು ಕೆಲಸ ಮಾಡಿದ. ಹೆಂಡತಿ ನೆಬೀಸ ಹಗಲಲ್ಲಿ ಎರಡು ಮೂರು ಸಲ ಫೋನ್ ಮಾಡುವವಳು. ಅವಳ ಹೆಸರು ಗಾಡಿಯ ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆ. ಹಿಂದಿನ ಸಲ ಹಾಗೆ ಬಂದಾಗ ಹಿಂದೆ ಕೂತವರು ಇಡೀ ದಾರಿ ಮಾತೇ ಆಡಿರಲಿಲ್ಲ. ಹಕೀಮ್ ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿದ.

ಲಾಡ್ಜಿನಿಂದ ಮೂವರು ಹತ್ತಿದರು. ಹರಿಪ್ರಸಾದ್ ಬ್ಯಾಂಕಿನಲ್ಲಿ ಅಧಿಕಾರಿ, ನಲವತ್ತರ ಆಸುಪಾಸು. ಅವನ ಹೆಂಡತಿ ಭವಿತಾ. ಮುಂದಿನ ಸೀಟಿಗೆ ಹಟ ಹಿಡಿದು ಹತ್ತಿದವರು ಹರಿಪ್ರಸಾದನ ತಂದೆ ದೇರಣ್ಣ. ಅವರಿಗೆ ಎಪ್ಪತ್ತಾರು. ಹುಟ್ಟಿದ್ದು ಸುಳ್ಯದ ಕಡೆಯ ಕೊಲ್ಲಮೊಗ್ರಿನಲ್ಲಿ, ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯೌವನದಲ್ಲಿ ಸರಪಳಿ ಹಿಡಿದು ಅಳೆದ ಗುಡ್ಡಗಳನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರದೇ ಆಸೆ.

"ನಿನ್ನ ಹೆಸರೆಂತ ಮಾರಾಯ?" ಎಂದು ದೇರಣ್ಣ ಕೇಳಿದರು.

"ಹರೀಶ ಸರ್."

"ಊರು?"

"ಇಲ್ಲೇ, ನರಿಮೊಗರು."

"ನರಿಮೊಗರಿನಲ್ಲಿ ಯಾವ ಮನೆ? ಅಪ್ಪನ ಹೆಸರೆಂತ? ಆ ಕಡೆ ನಾನು ಮೂರು ವರ್ಷ ಇದ್ದವ, ಎಲ್ಲರ ಪರಿಚಯ ಉಂಟು."

ಎದುರಿನಿಂದ ಬಸ್ಸೊಂದು ಬಂತು. ಹಕೀಮ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾರ್ನ್ ಒತ್ತಿದ. "ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು ಸರ್" ಎಂದಷ್ಟೇ ಹೇಳಿದ. ಅದು ನಿಜವೇ ಆಗಿತ್ತು. ಆದರೆ ಅಪ್ಪನ ಹೆಸರನ್ನು ಮಾತ್ರ ಹೇಳಲಿಲ್ಲ. ಕುಂಬ್ರ ದಾಟುವವರೆಗೂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಮೂವರೂ ಬನ್ಸ್ ತಿಂದು ಚಾ ಕುಡಿದರು. ಹಕೀಮ್ ಗಾಡಿಯಿಂದ ಇಳಿಯಲಿಲ್ಲ. ಆ ಹೋಟೆಲಿನ ಕ್ಯಾಶಿಯರ್ ಸಿನಾನ್ ಅವನನ್ನು ಕಂಡರೆ ದೂರದಿಂದಲೇ "ಹಕೀಂಚ್ಚಾ" ಎಂದು ಕೂಗುವ ಹುಡುಗ. ಹಸಿವಿಲ್ಲವೆಂದು ಹೇಳಿ ಸೀಟಿನಲ್ಲೇ ಕಣ್ಣು ಮುಚ್ಚಿದ. ಹಸಿವು ಚೆನ್ನಾಗಿಯೇ ಇತ್ತು.

ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿ ದೇರಣ್ಣನವರಿಗೆ ಹುರುಪು ಬಂತು. ಕಂಪನಿ ಸರಕಾರದ ಖಜಾನೆ ಇದ್ದ ಜಾಗ ಇದೇ, ಸಾವಿರದ ಎಂಟುನೂರ ಮೂವತ್ತೇಳರಲ್ಲಿ ಈ ಸೀಮೆಯ ರೈತರು ಮುತ್ತಿಗೆ ಹಾಕಿದ್ದು ಇಲ್ಲಿಗೇ ಎಂದು ಸೊಸೆಗೆ ಹೇಳಲು ಹೊರಟು, ನಡುವೆ ಮರೆತರು. ಮರೆತದ್ದನ್ನು ಹಕೀಮ್ ತುಂಬಿದ. ಇಪ್ಪತ್ತೆರಡು ವರ್ಷ ಮೇಷ್ಟ್ರುಗಳನ್ನು, ಕಾಲೇಜಿನವರನ್ನು ಇಲ್ಲಿಗೆ ಕರೆತಂದವನಿಗೆ ಆ ಕಥೆ ಬಾಯಿಪಾಠವಾಗಿತ್ತು. ಇಲ್ಲಿಂದ ಮಂಗಳೂರಿನವರೆಗೂ ದಂಡು ಹೋದದ್ದು, ಹದಿಮೂರು ದಿನ ಆ ಊರು ಅವರ ಕೈಯಲ್ಲಿದ್ದದ್ದು.

"ಮುಂದೆ ನಿಂತ ಪುಟ್ಟಬಸಪ್ಪ ಅಂತ ಒಬ್ಬ ರೈತ. ಜನ ಸೇರ್ಲಿಕ್ಕೆ ಅವನನ್ನು ಕಲ್ಯಾಣಸ್ವಾಮಿ ಅಂತ ಕರೆದದ್ದಂತೆ, ರಾಜಮನೆತನದವನ ಹೆಸರು" ಎಂದ ಹಕೀಮ್.

"ಕಡೆಗೆ?" ಎಂದಳು ಭವಿತಾ.

"ಕಡೆಗೆ ಗಲ್ಲಿಗೆ ಹಾಕಿದ್ರು ಮೇಡಂ."

"ಪಾಪ" ಎಂದರು ದೇರಣ್ಣ, "ಯಾರದ್ದೋ ಹೆಸರು ಹೊತ್ತುಕೊಂಡು."

ಹರಿಪ್ರಸಾದ್ ಮೆಚ್ಚುಗೆಯಿಂದ ಹಕೀಮನ ಬೆನ್ನು ತಟ್ಟಿದ. "ಒಳ್ಳೆ ಡ್ರೈವರನ್ನೇ ಕೊಟ್ಟಿದ್ದಾರೆ ಕಣೇ. ನಮ್ಮೋರು ಅಂದ್ರೆ ಹೀಗಿರಬೇಕು."

ಅಲ್ಲಿಂದ ಸುಳ್ಯದ ಕಡೆಗೆ ಹೋಗುವ ಒಳದಾರಿಯಲ್ಲಿ ಒಂದು ಗುಡ್ಡ. ಮೇಲೆ ಕೆಂಪು ಮುರಕಲ್ಲಿನ ಗೋಡೆಯ ತುಂಡು, ಸುತ್ತ ಹೂಳು ತುಂಬಿದ ಕಂದಕ. ಊರವರು ಕೋಟೆ ಎನ್ನುತ್ತಾರೆ, ಅಷ್ಟೇ. ಬೋರ್ಡಾಗಲೀ ಬೇಲಿಯಾಗಲೀ ಇಲ್ಲ. ಆ ಕಂದಕವನ್ನು ತಾನೇ ಅಳೆದದ್ದೆಂದು ದೇರಣ್ಣ ಕೋಲೂರಿಕೊಂಡು ಹತ್ತತೊಡಗಿದರು. ಮಗ ಸೊಸೆ ಹಿಂದೆ ಹೋದರು. ಒಣಹುಲ್ಲು ಜಾರುತ್ತದೆ, ಜಾಗ್ರತೆ ಎಂದು ಹೇಳಿ ಹಕೀಮ್ ಗಾಡಿಯನ್ನು ಕೆಳಗೆ ಗೇರುಮರದ ನೆರಳಿಗೆ ತಂದ. ಕಿಟಕಿ ಇಳಿಸಿ, ಸೀಟು ಹಿಂದಕ್ಕೆ ಒರಗಿಸಿದ. ಕಣ್ಣು ಮುಚ್ಚಿದ್ದಷ್ಟೇ ಗೊತ್ತು.

ನಿದ್ದೆಯ ನಡುವೆ ಎಲ್ಲೋ ಯಾರೋ ಯಾರನ್ನೋ ಕರೆಯುವುದು ಕೇಳಿಸಿತು. "ಹರೀಶ್, ಹರೀಶ್" ಎಂದು. ಯಾರದೋ ಮನೆಯ ಹುಡುಗನನ್ನು ಊಟಕ್ಕೆ ಕರೆಯುತ್ತಿರಬೇಕು ಎಂದುಕೊಂಡ. ಮಗ್ಗುಲು ಬದಲಾಯಿಸಿದ. ಕೂಗು ಮತ್ತೂ ಬಂತು. ಆ ಹರೀಶ ಯಾಕೆ ಓಗೊಡುವುದಿಲ್ಲವೋ ಎಂಬ ಬೇಸರದಲ್ಲೇ ಇನ್ನೂ ಆಳಕ್ಕೆ ಇಳಿದ.

ಗಾಡಿಯ ಬಾಗಿಲನ್ನು ಯಾರೋ ಗುದ್ದಿದಾಗ ಅವನಿಗೆ ಎಚ್ಚರವಾಯಿತು. ಹರಿಪ್ರಸಾದ್ ಏದುಸಿರು ಬಿಡುತ್ತಿದ್ದ. ಮುಖವೆಲ್ಲ ಬೆವರು, ಅಂಗೈ ತರಚಿ ರಕ್ತ.

"ಅಪ್ಪ ಬಿದ್ದಿದ್ದಾರೆ! ಒಬ್ಬನಿಗೆ ಎತ್ತೋಕಾಗ್ದೆ ಇಪ್ಪತ್ತು ನಿಮಿಷದಿಂದ ಕೂಗ್ತಾ ಇದೀನಿ!"

ಹಕೀಮ್ ಸೊಂಟದ ನೋವನ್ನು ಮರೆತು ಓಡಿದ. ದೇರಣ್ಣ ಕಂದಕದ ತಳದಲ್ಲಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಸರಿಯಿಲ್ಲದ ರೀತಿಯಲ್ಲಿ ಹೊರಳಿತ್ತು. ನೆತ್ತಿಯ ಮೇಲೆ ನೇರ ಬಿಸಿಲು. ಭವಿತಾ ಸೆರಗಿನಿಂದ ನೆರಳು ಹಿಡಿದು ಕೂತಿದ್ದಳು. ಸಕ್ಕರೆ ಕಾಯಿಲೆಯ ಮುದುಕರ ತುಟಿ ಒಣಗಿ ಬಿಳಿಚಿತ್ತು, ಮಾತು ತೊದಲುತ್ತಿತ್ತು. ಹಕೀಮ್ ಅವರಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದ. ಅವರ ಊರುಗೋಲನ್ನೇ ಕಾಲಿಗೆ ಆನಿಸಿ ತನ್ನ ಬೆವರೊರೆಸುವ ಬೈರಾಸಿನಿಂದ ಬಿಗಿದು ಕಟ್ಟಿದ. ಗಂಡಸರಿಬ್ಬರೂ ಕೈಗೆ ಕೈ ಕೋದು ಅವರನ್ನು ಎತ್ತಿಕೊಂಡರು. ಇಳಿಜಾರಿನಲ್ಲಿ ಎರಡು ಸಲ ನಿಲ್ಲಬೇಕಾಯಿತು. ಮುದುಕರ ಕೈ ಹಕೀಮನ ಕುತ್ತಿಗೆಯನ್ನು ಮಗುವಿನ ಹಾಗೆ ಬಿಗಿಯಾಗಿ ಹಿಡಿದಿತ್ತು.

ಸುಳ್ಯದ ಆಸ್ಪತ್ರೆಯ ದಾರಿಯಲ್ಲಿ ಹರಿಪ್ರಸಾದನ ಭಯ ಸಿಟ್ಟಾಗಿ ಹೊರಬಂತು.

"ಫೋನ್ ಮಾಡಿದ್ರೆ ಸ್ವಿಚ್ ಆಫ್. ಗಂಟಲು ಹರಿಯೋ ಹಾಗೆ ಕೂಗಿದ್ರೂ ಇಲ್ಲ. ಏನಾದ್ರೂ ಆಗಿದ್ರೆ? ಎಂಥಾ ಮನುಷ್ಯ ರೀ ನೀವು, ಹರೀಶ್?"

ತಿರುವಿನಲ್ಲಿ ಗಾಡಿಯ ವೇಗ ತಗ್ಗಿಸಿ, ಹಿಂದಿನ ಸೀಟಿನಲ್ಲಿ ಮಲಗಿದ್ದವರು ಅಲುಗದಂತೆ ನೋಡಿಕೊಂಡು, ಹಕೀಮ್ ಹೇಳಿದ.

"ಕೇಳಿಸಿತು ಸರ್. ಬೇರೆ ಯಾರನ್ನೋ ಕರೆಯುದು ಅಂತ ಮಲಗಿದೆ. ನನ್ನ ಹೆಸರು ಹರೀಶ ಅಲ್ಲ. ಹಕೀಮ್."

ನರಳುತ್ತಿದ್ದ ದೇರಣ್ಣನವರು ಆ ನೋವಿನಲ್ಲೂ ಕೇಳಿದರು.

"ಮತ್ತೆ ಹರೀಶ ಅಂತ ಯಾಕೆ ಹೇಳಿದ್ದು ಮಾರಾಯ?"

ಹಕೀಮ್ ರಸ್ತೆ ನೋಡುತ್ತಿದ್ದ. ಹರಿಪ್ರಸಾದ್ ಕಿಟಕಿಯ ಹೊರಗೆ ನೋಡುತ್ತಿದ್ದ. ಉತ್ತರ ಕೊಟ್ಟವಳು ಭವಿತಾ.

"ನಾವು ಕೇಳಿದ್ದಕ್ಕೆ, ಮಾವ. ಗಾಡಿ ಬುಕ್ ಮಾಡುವಾಗ."

ಎಕ್ಸ್‌ರೇ ತೆಗೆದರು. ಮೂಳೆ ಮುರಿದಿತ್ತು, ಆದರೆ ಸ್ಥಾನ ಬಿಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆ ಬೇಡ, ಪ್ಲಾಸ್ಟರ್ ಸಾಕು, ಬಿಸಿಲಲ್ಲಿ ಇನ್ನಷ್ಟು ಹೊತ್ತು ಬಿದ್ದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಕೊನೆಯ ಮಾತು ಕೇಳಿ ಕಾರಿಡಾರಿನಲ್ಲಿದ್ದ ಇಬ್ಬರು ಗಂಡಸರೂ ತಲೆ ತಗ್ಗಿಸಿದರು. ಒಂದೇ ಬೆಂಚು. ಇಬ್ಬರ ಅಂಗಿಯಲ್ಲೂ ಅದೇ ಕೆಂಪು ಮಣ್ಣು.

ಹರಿಪ್ರಸಾದ್ ಮಾತು ತೆಗೆದ. "ನನಗೆ ಯಾರ ಮೇಲೂ ದ್ವೇಷ ಇಲ್ಲ ರೀ. ನಮ್ಮ ಬ್ಯಾಂಕಿನಲ್ಲೂ ನಿಮ್ಮೋರಿದ್ದಾರೆ, ಒಟ್ಟಿಗೇ ಊಟ ಮಾಡ್ತೀವಿ. ಆದ್ರೆ ಗೊತ್ತಿಲ್ಲದ ಕಡೆ, ಜೊತೆಗೆ ವಯಸ್ಸಾದವರು, ಹೆಂಡತಿ. ಮೊಬೈಲಿನಲ್ಲಿ ದಿನಾ ಏನೇನೋ ಬರುತ್ತೆ. ಸುಮ್ನೆ ಯಾಕೆ ರಿಸ್ಕು ಅಂತ. ಅಷ್ಟೇ."

"ಹೆದರಿಕೆ ನಿಮಗೆ ಮಾತ್ರ ಅಲ್ಲ ಸರ್" ಎಂದ ಹಕೀಮ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು. "ಬೆಳಿಗ್ಗೆಯಿಂದ ನಾನೂ ಹೆದರಿಕೊಂಡೇ ಇದ್ದೆ. ಚಾಕ್ಕೆ ಇಳಿಯದ್ದು ಅದಕ್ಕೆ, ಪರಿಚಯದವರು ಹೆಸರು ಹಿಡಿದು ಕರೆದ್ರೆ ಎಂತ ಮಾಡುದು ಅಂತ. ಹೆಂಡತಿಯ ಫೋನ್ ಬರಬಾರದು ಅಂತ ಆಫ್ ಮಾಡಿಟ್ಟೆ. ನಿಮ್ಮ ಅಪ್ಪನ ವಿಷಯದಲ್ಲಿ ತಪ್ಪು ನನ್ನದೂ ಉಂಟು. ಬೆಳಿಗ್ಗೆಯೇ ಆಗುದಿಲ್ಲ ಅಂತ ಹೇಳ್ಬೇಕಿತ್ತು. ಹೇಳ್ಲಿಕ್ಕೆ ಬಲ ಇರ್ಲಿಲ್ಲ."

ಹರಿಪ್ರಸಾದ್ ಎದ್ದು ಹೋಗಿ ಕ್ಯಾಂಟೀನಿನಿಂದ ಎರಡು ಚಾ, ಒಂದು ಪ್ಲೇಟು ಇಡ್ಲಿ ತಂದ. ಇಡ್ಲಿಯನ್ನು ಹಕೀಮನ ಮುಂದಿಟ್ಟ. "ನೀವು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ" ಎಂದ. ಹಕೀಮ್ ತಿಂದ. ಹರಿಪ್ರಸಾದ್ ಪಕ್ಕದಲ್ಲಿ ಕೂತು ತನ್ನ ಚಾ ಆರುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಹೊರಡುವ ಮೊದಲು ಹಕೀಮ್ ವಾರ್ಡಿಗೆ ಹೋದ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ದೇರಣ್ಣ ಮಲಗಿದ್ದರು. ಆ ದಿನ ಸುಳ್ಯದ ಸಂಬಂಧಿಕರ ಮನೆಯಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು.

"ಹೋಗಿ ಬರ್ತೇನೆ ಅಜ್ಜ."

"ಕೂತ್ಕೊ. ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ ನೀನು. ಅಪ್ಪನ ಹೆಸರೆಂತ?"

ಹಕೀಮ್ ಮಂಚದ ಅಂಚಿನಲ್ಲಿ ಕೂತ. "ಆದಂ ಕುಂಞಿ" ಎಂದ. "ಒಣಮೀನು ಮಾರ್ತಿದ್ದದ್ದು. ಸೈಕಲಿನಲ್ಲಿ, ನರಿಮೊಗರಿನಿಂದ ಕಡಬದವರೆಗೆ."

ದೇರಣ್ಣ ನೆನಪಿನಲ್ಲಿ ಹುಡುಕುವವರಂತೆ ಕಣ್ಣು ಕಿರಿದು ಮಾಡಿದರು. "ಇಲ್ಲ, ನನಗೆ ಪರಿಚಯ ಇಲ್ಲ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. "ಆದಂ ಕುಂಞಿ" ಎಂದು ಒಮ್ಮೆ ಮೆಲ್ಲಗೆ ಹೇಳಿಕೊಂಡು, ಅವನ ಕೈ ಹಿಡಿದು ಬಿಟ್ಟರು.

ಹಕೀಮ್ ಗಾಡಿ ತಂದು ಆಫೀಸಿನ ಮುಂದೆ ನಿಲ್ಲಿಸಿದಾಗ ಸಂಜೆ ಐದೂವರೆ. ಪದ್ಮಯ್ಯನಿಗೆ ವಿಷಯ ಗೊತ್ತಾಗಿತ್ತು. ಹರಿಪ್ರಸಾದ್ ಫೋನ್ ಮಾಡಿ, ಡ್ರೈವರನ ಮೇಲೆ ದೂರಿಲ್ಲವೆಂದು ಹೇಳಿದ್ದನಂತೆ.

"ದೇವರು ದೊಡ್ಡವ, ಬಚಾವಾಯ್ತು" ಎಂದ ಪದ್ಮಯ್ಯ. ಆಮೇಲೆ ಸ್ವಲ್ಪ ತಡೆದು, "ನಾಳೆ ಏಳಕ್ಕೆ ಇನ್ನೊಂದು ಪಾರ್ಟಿ ಉಂಟು. ಮೂಡಬಿದಿರೆ, ಕಾರ್ಕಳ. ಅವರೂ ಹಾಗೆಯೇ..."

"ನಾನು ಹೋಗ್ತೇನೆ ಪದ್ಮಯ್ಯಣ್ಣ. ನನ್ನ ಹೆಸರಲ್ಲಿ."

"ಹಾಗೆ ಹೇಳಿದ್ರೆ ಹೇಗೆ ಮಾರಾಯ? ನಾನು ನಿನ್ನಲ್ಲಿ ಭೇದ ಮಾಡಿದ್ದುಂಟಾ ಈ ಹದಿನಾಲ್ಕು ವರ್ಷದಲ್ಲಿ? ನಿನ್ನ ಮಗಳ ಮದುವೆಗೆ ಮುಂದೆ ನಿಂತವ ನಾನು. ಇದು ಬರೀ ವ್ಯಾಪಾರ."

"ಗೊತ್ತುಂಟು. ನಿಮ್ಮ ಮೇಲೆ ಕೋಪ ಇಲ್ಲ. ನನಗೆ ಆಗುದಿಲ್ಲ, ಅಷ್ಟೇ. ಇವತ್ತು ಒಬ್ಬರು ಬಿದ್ದು, ಅವರ ಮನೆಯವರು ನನ್ನನ್ನು ಕರೀತಾ ಇದ್ರು. ನಾನು ಕೇಳಿಕೊಂಡು ಮಲಗಿದ್ದೆ. ಆ ಪಾರ್ಟಿಗೆ ಹೆಸರು ಹೇಳಿ. ಬೇಡ ಅಂದ್ರೆ ಬೇಡ."

ಕೀಲಿಕೈಯನ್ನು ಮೇಜಿನ ಮೇಲಿಟ್ಟು ಅವನು ಬಸ್ಸು ಹಿಡಿದ.

ಮನೆಯಲ್ಲಿ ನೆಬೀಸ ಇಡೀ ದಿನ ಫೋನ್ ಆಫ್ ಇದ್ದುದಕ್ಕೆ ಬೈದಳು, ಆಮೇಲೆ ಅವನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದಳು. ಸೊಂಟಕ್ಕೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದಳು. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಅವನು ಗಂಜಿಯ ಮುಂದೆ ಕೂತಿದ್ದಾಗ ಪದ್ಮಯ್ಯನ ಫೋನ್ ಬಂತು.

"ಹೇಳಿದೆ ಮಾರಾಯ."

"ಎಂತ?"

"ಡ್ರೈವರ್ ಹಕೀಮ್, ಹದಿನಾಲ್ಕು ವರ್ಷದಿಂದ ನನ್ನೊಟ್ಟಿಗೆ ಇದ್ದಾನೆ, ಅವನಿಗಿಂತ ಒಳ್ಳೆಯವ ಈ ಪುತ್ತೂರಿನಲ್ಲಿ ಸಿಕ್ಕುದಿಲ್ಲ ಅಂತ ಹೇಳಿದೆ."

"ಮತ್ತೆ?"

ಆಚೆ ಕಡೆ ಪದ್ಮಯ್ಯ ಉಸಿರು ಬಿಟ್ಟದ್ದು ಕೇಳಿಸಿತು. "ಬೇರೆ ಗಾಡಿ ನೋಡ್ತೇವೆ ಅಂದ್ರು." ಒಂದು ಕ್ಷಣ ಬಿಟ್ಟು, "ಇರ್ಲಿ. ನಾಳೆ ಗಾಡಿ ಇಲ್ಲೇ ನಿಲ್ತದೆ. ನೀನು ಮಲಗು."

ಹಕೀಮ್ "ಆಯ್ತು ಪದ್ಮಯ್ಯಣ್ಣ" ಎಂದ.

"ಯಾರು? ಎಂತ ಅಂತೆ?" ಎಂದು ನೆಬೀಸ ಕೇಳಿದಳು.

"ನಾಳೆ ರಜೆಯಂತೆ" ಎಂದು, ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅವನು ನಿಧಾನವಾಗಿ ಉಣ್ಣತೊಡಗಿದ.