ಬಿಗಿಹಿಡಿದ ಮಜ್ಜೆ

ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಅಕ್ಕ ಬೆಳಗಿನಿಂದ ಅಲುಗಾಡದೆ ಮಲಗಿದ್ದಳು. ಒಂದು ತೋಳಿನಿಂದ ಹೊರಟ ರಕ್ತ ಯಂತ್ರದೊಳಗೆ ಸುತ್ತಿ ಇನ್ನೊಂದು ತೋಳಿಗೆ ಮರಳುತ್ತಿತ್ತು. ನಡುವೆ, ಹೊಸ ರಕ್ತ ಹುಟ್ಟಿಸುವ ತಾಯಿಕೋಶಗಳು ಮಾತ್ರ ಒಂದು ಚೀಲಕ್ಕೆ ಇಳಿಯಬೇಕು. ತಮ್ಮನ ಮೂಳೆಯೊಳಗಿನ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಆಗಲೇ ಸುಟ್ಟಾಗಿತ್ತು. ಇನ್ನು ಅವನು ಬದುಕಿದರೆ ಆ ಚೀಲದಿಂದಲೇ.

ಮಧ್ಯಾಹ್ನ ಡಾಕ್ಟರಮ್ಮ ಕಾಗದ ಹಿಡಿದು ಬಂದರು. "ಬೇಕಾದದ್ದರಲ್ಲಿ ಅರ್ಧವೂ ಸಿಕ್ಕಿಲ್ಲಮ್ಮ. ಕೋಶಗಳು ರಕ್ತಕ್ಕೆ ಇಳೀಲಿ ಅಂತ ಐದು ದಿನ ನಿಮಗೆ ಇಂಜೆಕ್ಷನ್ ಕೊಟ್ಟಿದ್ದೀವಿ, ಇಷ್ಟು ಕಮ್ಮಿ ಬರಬಾರದಿತ್ತು. ನಿದ್ದೆ ಸರಿಯಾಗಿ ಮಾಡಿದ್ರಾ?"

"ಓ, ಚೆನ್ನಾಗಿ."

ನರ್ಸ್ ಬಿಡಲಿಲ್ಲ. "ಸುಳ್ಳು ಮೇಡಂ. ಸೂಜಿ ಚುಚ್ಚೋ ಮೊದಲೇ ಗೊರಕೆ ಹೊಡೀತಿದ್ರು. ತಲೇಲಿ ಹುಲ್ಲಿನ ಕಡ್ಡಿ ಬೇರೆ!"

ಅಕ್ಕನಿಗೆ ನಾಲ್ಕು ಹಸು. ಐದು ದಿನವೂ ನಸುಕಿಗೆ ಮುಂಚೆ ಎದ್ದು ಹಾಲು ಕರೆದು, ಮೊದಲ ಬಸ್ಸಿಗೆ ಬಂದು ಇಂಜೆಕ್ಷನ್ ಹಾಕಿಸಿಕೊಂಡು, ಸಂಜೆಯ ಹಾಲಿಗೆ ಮತ್ತೆ ಓಡಿದ್ದಳು. ಆಸ್ಪತ್ರೆಯವರು ಉಳಿಯಲು ಕೊಟ್ಟ ಕೋಣೆಯ ಬೀಗದ ಕೈ ಕೈಚೀಲದಲ್ಲೇ ಬಿದ್ದಿತ್ತು. ಕರಿ ಹಸು ಬೇರೆಯವರ ಕೈ ತಾಗಿಸಿಕೊಳ್ಳುವುದಿಲ್ಲ. ಅವಳಾದರೂ ಏನು ಮಾಡಿಯಾಳು?

ಅದನ್ನೆಲ್ಲ ಕೇಳಿ ಡಾಕ್ಟರಮ್ಮ ಸ್ಟೂಲು ಎಳೆದು ಕೂತರು. "ಮೂಳೆಯೊಳಗೂ ನರಗಳಿವೆ ನೋಡಿ. ಹಗಲು ರಾತ್ರಿಯ ಸುದ್ದಿ ಮಿದುಳಿನಿಂದ ಮಜ್ಜೆಗೆ ಹೋಗೋದು ಅವುಗಳ ಮೂಲಕ. ಸುದ್ದಿ ಬಂದ್ರೆ ಈ ಕೋಶಗಳು ರಕ್ತಕ್ಕೆ ಇಳೀತವೆ. ನಿದ್ದೆ ಕೆಟ್ರೆ ಸುದ್ದಿಯೂ ಕೆಡಬಹುದು. ಇದೇ ಕಾರಣ ಅಂತ ಖಂಡಿತ ಹೇಳಲಾರೆ. ಆದ್ರೆ ನಾಳೆ ಇನ್ನೊಂದೇ ಸಲ ತೆಗೆಯೋದು, ಇವತ್ತಾದ್ರೂ ಇಲ್ಲೇ ನಿದ್ದೆ ಮಾಡಿ."

"ಬೆದರಿದ ಹಸು ಹಾಲು ಬಿಗಿಹಿಡಿದ ಹಾಗೆ," ಎಂದಳು ಅಕ್ಕ ಮೆಲ್ಲಗೆ. "ಕೆಚ್ಚಲು ತುಂಬಿರುತ್ತೆ. ಎಷ್ಟು ಎಳೆದ್ರೂ ಇಳಿಸಲ್ಲ."

"ಹೆಚ್ಚುಕಮ್ಮಿ ಹಾಗೇ."

ಸೂಜಿ ಬಿಚ್ಚಿದ ಮೇಲೆ ಅಕ್ಕ, ಸೋಂಕು ತಗಲದಂತೆ ತಮ್ಮನನ್ನು ಇಟ್ಟಿದ್ದ ಗಾಜಿನ ಕೋಣೆಯ ಮುಂದೆ ಹೋದಳು. ಹಸುವಿನ ಸುದ್ದಿ ಆಗಲೇ ಮುಟ್ಟಿದ್ದ ತಮ್ಮ ಗಾಜಿನ ಆಚೆಯಿಂದ ಫೋನು ಹಿಡಿದ. ಬಾಯಿ ತುಂಬ ಹುಣ್ಣು; ಮಾತು ತೊದಲುತ್ತಿತ್ತು. "ಅಕ್ಕಾ, ನನಗಿಂತ ಆ ಕರಿಯಮ್ಮನೇ ಹೆಚ್ಚಾದಳಾ ನಿಂಗೆ?"

"ಅವಳು ನಿನ್ನಷ್ಟು ಒದೆಯಲ್ಲ ಕಣೋ," ಎಂದಳು. ಆಮೇಲೆ ಗಾಜಿಗೆ ಹಣೆ ಆನಿಸಿದಳು. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಗಂಡನಿಗೆ ಫೋನು ಮಾಡಿದಳು. "ಇವತ್ತು ನಾಳೆ ನಾನು ಬರಲ್ಲ. ನೀವೇ ಕರೀರಿ."

"ಕರಿ ಒದೀತಾಳೆ ಕಣೇ!"

"ಒದೆಸಿಕೊಳ್ಳಿ."

ಆಸ್ಪತ್ರೆಯ ಕೋಣೆಯ ಬೀಗ ತೆಗೆದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಬಿಸಿಲಿರುವಾಗ ನಿದ್ದೆಗೆಂದು ಹಾಸಿಗೆ ಸೇರಿದ್ದು ಮದುವೆಯಾದ ಮೇಲೆ ಹೆರಿಗೆಯ ದಿನಗಳಲ್ಲಿ ಮಾತ್ರ. ಏನೋ ಕದ್ದವಳಂತೆ ಹೊದಿಕೆಯೊಳಗೆ ನುಸುಳಿದಳು. ಮಾರನೆಯ ಬೆಳಿಗ್ಗೆ ನರ್ಸೇ ಬಂದು ಅಲುಗಾಡಿಸಬೇಕಾಯಿತು.

ಮತ್ತೆ ಸೂಜಿ, ಮತ್ತೆ ಯಂತ್ರ. ಮಧ್ಯಾಹ್ನ ಡಾಕ್ಟರಮ್ಮ ಬಾಗಿಲಲ್ಲೇ ಹೇಳಿದರು: "ನಿನ್ನೆಯದೂ ಸೇರಿ ಸಾಕಷ್ಟಾಯ್ತು. ಕೂದಲೆಳೆಯಷ್ಟು ಹೆಚ್ಚು. ಸಂಜೆಯೇ ನಿಮ್ಮ ತಮ್ಮನಿಗೆ ಏರಿಸ್ತೀವಿ."

ಹಿಗ್ಗಲೂ ಅಕ್ಕನಿಗೆ ಶಕ್ತಿಯಿರಲಿಲ್ಲ. ಫೋನು ಬಡಿದುಕೊಂಡಿತು; ನರ್ಸ್ ಅದನ್ನು ಅವಳ ಕಿವಿಗೆ ಹಿಡಿದಳು. ಗಂಡ. "ಮೊಣಕಾಲು ಊದಿದೆ. ನಿನ್ನ ಕರಿ ಒಂದು ತೊಟ್ಟೂ ಬಿಡಲಿಲ್ಲ."

"ಬೈಬೇಡಿ ಅವಳನ್ನ," ಎಂದಳು ಅಕ್ಕ. "ಹೆದರಿಕೊಂಡಿದ್ದಾಳೆ." ಆಮೇಲೆ ನರ್ಸಿನ ಕಡೆ ತಿರುಗಿದಳು. "ತಂಗೀ, ಇನ್ನೊಂದು ಸ್ವಲ್ಪ ಮಲಗಿರಲಾ?"