ಬಲಗಡೆಯ ಕಪ್

ಸೈಕಲ್ ಓಡಿದರೆ ಮನಸ್ವಿನಿ ವಡೋದರಾದಲ್ಲೇ ಉಳಿಯಬಹುದು. ಓಡದಿದ್ದರೆ ಅದು ಲಾರಿಗೆ, ಅವಳು ಕಾರಿಗೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಅಪ್ಪ ಪಟ್ಟಾಭಿರಾಮ ಇದನ್ನು ಹೇಳಿದ್ದು ತಮಾಷೆಗೆ. ಅವಳು "ಡನ್" ಅಂದದ್ದೂ ತಮಾಷೆಗೇ. ಆದರೆ ಇಬ್ಬರೂ ನಗಲಿಲ್ಲ. ಲೋಟ ತೊಳೆದಿಡುವ ಹೊತ್ತಿಗೆ ಅದು ಒಪ್ಪಂದವೇ ಆಗಿಬಿಟ್ಟಿತ್ತು.

ಬ್ಯಾಂಕು ಅಪ್ಪನನ್ನು ಈ ಸಲ ಅಹಮದಾಬಾದಿಗೆ ಹಾಕಿತ್ತು. ಅಲ್ಲಿನ ಬೋಡಕ್‌ದೇವ್‌ನಲ್ಲಿ ಮನೆ ಗೊತ್ತಾಗಿತ್ತು, ಅದರಲ್ಲಿ ಅವಳಿಗೊಂದು ಕೋಣೆಯೂ ಗೊತ್ತಾಗಿತ್ತು. ಅಷ್ಟರಲ್ಲಿ ಅವಳಿಗೆ ಇಲ್ಲಿ ಮಕರ್‌ಪುರಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹತ್ತಿರದಲ್ಲೇ ಇನ್ನಿಬ್ಬರು ಹುಡುಗಿಯರ ಜೊತೆ ಇರಲು ರೂಮೂ ಸಿಕ್ಕಿತು. ಬೆಳಗಿನ ಪಾಳಿಗೆ ಹೋಗುವುದು ಹೇಗೆ ಎಂಬುದೇ ಅಪ್ಪನ ಕೊನೆಯ ತಕರಾರು. ಸ್ಕೂಟರ್ ಅಮ್ಮನದು, ಅಮ್ಮನ ಜೊತೆ ಹೋಗುತ್ತದೆ. ಉಳಿಯುವುದು ಅಪ್ಪ ಯಾವ ಕಾಲದಲ್ಲೋ ಹಾಸನದಿಂದ ತಂದ ಕಪ್ಪು ಸೈಕಲ್.

ಪೆಡಲುಗಳ ನಡುವಿನ ಅದರ ಆಕ್ಸಲ್ ಸೂರತ್‌ನಲ್ಲಿದ್ದಾಗಲೇ ಅಲುಗಾಡತೊಡಗಿತ್ತು. ಅಲ್ಲಿ ಅಡಾಜಣ್‌ನ ಫ್ಲ್ಯಾಟಿನ ಸುತ್ತ ಅವಳು ತುಳಿಯುವಾಗ ಪ್ರತಿ ಸುತ್ತಿಗೂ ಕಟಕ್ ಅನ್ನುತ್ತಿತ್ತು. "ಮುಂದಿನ ಊರಲ್ಲಿ ಮಾಡ್ಸೋಣ" ಅಂದಿದ್ದರು ಅಪ್ಪ. ಮನೆಯಲ್ಲಿ ಎಲ್ಲವೂ ಹಾಗೆಯೇ. ಬಾಗಿಲು ಕೂಡದ ಬೀರು, ಅಮ್ಮನ ಹಲ್ಲುನೋವು, ಅರ್ಧಕ್ಕೆ ನಿಂತ ಅವಳ ಸಂಗೀತ. ವರ್ಗವಾಗುವವರ ಮನೆಯಲ್ಲಿ ಯಾವುದನ್ನೂ ಪೂರ್ತಿ ರಿಪೇರಿ ಮಾಡುವುದಿಲ್ಲ, ಮುಂದಿನ ಊರು ಇದ್ದೇ ಇರುತ್ತದಲ್ಲ. ಹೋದ ವಾರ ಅವಳ ಕೆಲಸದ ಬಗ್ಗೆಯೂ ಅಪ್ಪ ಅದನ್ನೇ ಅಂದಿದ್ದರು. "ಕೆಲ್ಸ ತಾನೆ? ಅಹಮದಾಬಾದಲ್ಲಿ ನೋಡೋಣ ಬಿಡು." ಅವತ್ತು ಸಂಜೆಯೇ ಅವಳು ಅಂಗಡಿಗೆ ಹೋಗಿ ಹೊಸ ಆಕ್ಸಲ್, ಅದರ ಎರಡು ಬದಿಗೆ ತಿರುಗಿಸಿ ಕೂರಿಸುವ ಬಟ್ಟಲಿನಂಥ ಕಪ್‌ಗಳು, ಉಕ್ಕಿನ ಗೋಲಿಗಳು, ಪಿನ್ನುಗಳು, ಒಂದು ಡಬ್ಬಿ ಗ್ರೀಸ್ ತಂದಳು. ಬಿಚ್ಚುವುದು ಹೇಗೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ಈಗ ಸೈಕಲ್ ಪಾರ್ಕಿಂಗಿನ ನೆಲದ ಮೇಲೆ ಚಕ್ರ ಮೇಲಾಗಿ ನಿಂತಿತ್ತು. ಪಕ್ಕದಲ್ಲೇ ಕೂಲಿಯವರು ಸೋಫಾವನ್ನು ಲಾರಿಗೆ ಏರಿಸುತ್ತಿದ್ದರು. ಪೆಡಲು ಹೊತ್ತ ಎರಡು ಕಡೆಯ ಕ್ರ್ಯಾಂಕುಗಳನ್ನು ಅವಳು ಹೇಗೋ ಬಿಡಿಸಿದ್ದಳು. ಅವುಗಳನ್ನು ಹಿಡಿದಿಟ್ಟಿದ್ದ ಪಿನ್ನುಗಳಿಗೆ ಸುತ್ತಿಗೆಯಲ್ಲಿ ಬಡಿದೂ ಬಡಿದೂ ಒಂದರ ತಲೆ ಅಣಬೆಯ ಹಾಗೆ ಅರಳಿತ್ತು. ಎಡಗಡೆಯ ಕಪ್ ಸುಲಭವಾಗಿ ಬಂತು. ಸವೆದ ಗೋಲಿಗಳು ಕಪ್ಪು ಗ್ರೀಸಿನ ಜೊತೆ ಅಂಗೈಗೆ ಬಿದ್ದವು. ಹಳೆಯ ಆಕ್ಸಲ್ಲೂ ಹೊರಬಂತು. ಉಳಿದದ್ದು ಚೈನಿನ ಕಡೆಯದು, ಬಲಗಡೆಯ ಕಪ್. ಅದು ಮಿಸುಕಲಿಲ್ಲ.

ಅಪ್ಪ ಕಾರಿಗೆ ಒರಗಿ ನಿಂತು ನೋಡುತ್ತಿದ್ದರು.

"ಏನಮ್ಮಾ ಎಂಜಿನಿಯರ್, ಎಲ್ಲಿಗೆ ಬಂತು?"

"ಬರತ್ತೆ."

"ಲಾರಿಯವ್ನು ಅವಸರ ಮಾಡ್ತಿದಾನೆ."

"ಅಪ್ಪಾ, ಪ್ಲೀಸ್. ಡಿಸ್ಟರ್ಬ್ ಮಾಡ್ಬೇಡಿ."

ಅವಳು ಸ್ಪ್ಯಾನರಿನ ಹಿಡಿಗೆ ಆಗಷ್ಟೇ ಇಳಿಸಿದ್ದ ಪರದೆಯ ಪೈಪು ತೊಡಿಸಿ, ಸೈಕಲ್ಲನ್ನು ಕಂಬಕ್ಕೆ ಒತ್ತಿಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಎಡಕ್ಕೆ. ಮತ್ತೆ ಎಡಕ್ಕೆ. ಪೈಪು ನಿಧಾನವಾಗಿ ಬಾಗಿತು. ಕಪ್ ಅಲ್ಲೇ ಇತ್ತು. ಬೆವರು ಕಣ್ಣಿಗಿಳಿದು ಉರಿಯಿತು. ಕೂತಳು, ಎದ್ದಳು, ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಅವಳೊಳಗೆ ಏನೋ ಓಡುತ್ತಲೇ ಇತ್ತು, ಹೊರಗೆ ಏನೂ ತಿರುಗುತ್ತಿರಲಿಲ್ಲ.

ಅಮ್ಮ ಹೇಮಲತಾ ಚಿತ್ರಾನ್ನದ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದರು. ಮಗಳು ಮತ್ತೆ ಪೈಪಿಗೆ ಜೋತುಬೀಳುವುದನ್ನು ನೋಡಿ ಅಲ್ಲೇ ನಿಂತರು.

"ಅಯ್ಯೋ, ಏನೇ ಮಾಡ್ತಿದೀಯ? ಇನ್ನೂ ಬಿಗಿ ಆಗ್ತಿದೆ ಅದು. ಚೈನ್ ಕಡೇದು ಉಲ್ಟಾ ಕಣೇ, ಬಲಕ್ಕೆ ತಿರುಗಿಸ್ಬೇಕು."

"ನಿನಗೆ ಹೇಗೆ ಗೊತ್ತು?"

"ನಂಗೇನು ಗೊತ್ತು? ಮದುವೆ ಹೊಸ್ದರಲ್ಲಿ ನಿಮ್ಮಪ್ಪ ಇದೇ ಸೈಕಲ್ ಬಿಚ್ಚಿ ನನ್ನೆದುರು ಪಾಠ ಮಾಡಿದ್ರು. ಎಲ್ಲಾ ಎಡಕ್ಕೆ, ಇದೊಂದು ಬಲಕ್ಕೆ ಹೇಮಾ ಅಂತ. ಏನು ಜಂಭ ಅವತ್ತು! ಅಲ್ವೇನ್ರೀ?"

ಅಪ್ಪ ಲಾರಿಯ ಕಡೆ ನೋಡಿದರು.

ಮನಸ್ವಿನಿ ಪೈಪು ಕೆಳಗಿಟ್ಟಳು. "ನಿಮಗೆ ಗೊತ್ತಿತ್ತು."

"ನೀನು ಕೇಳ್ಲಿಲ್ಲವಲ್ಲ."

"ಇಷ್ಟು ಹೊತ್ತು ನಿಂತು ನೋಡಿದ್ರಿ. ಗೊತ್ತಿದ್ದೂ."

"ಹೂಂ. ಗೊತ್ತಿತ್ತು" ಎಂದರು ಅಪ್ಪ. ಅವರ ಮುಖದಲ್ಲಿ ಸಿಕ್ಕಿಬಿದ್ದವನ ನಾಚಿಕೆಗಿಂತ ದಣಿವೇ ಹೆಚ್ಚಾಗಿತ್ತು. "ಬರದೇ ಇದ್ರೆ ಒಳ್ಳೇದು ಅನ್ನಿಸ್ತು. ಅಷ್ಟೇ."

"ರೀ!" ಅಂದರು ಅಮ್ಮ.

ಲಾರಿಯಿಂದ ಕೂಲಿಯವನೊಬ್ಬ ಇಳಿದು ಬಂದು ಸೈಕಲ್ಲಿನತ್ತ ಕೈ ತೋರಿಸಿದ. "ಬೆನ್, ಸೈಕಲ್ ಪಣ್ ಮೂಕೀ ದಉಂ?" ಸೈಕಲ್ಲನ್ನೂ ಹಾಕಿಬಿಡಲೇ ಎಂದು ಕೇಳುತ್ತಿದ್ದ. ಅವನು ಕೇಳಿದ್ದು ಅವಳನ್ನು. ಆದರೆ ಅಪ್ಪ ಅಮ್ಮ ಇಬ್ಬರೂ ಉತ್ತರಕ್ಕೆ ಕಾದರು.

"ನಾ" ಎಂದಳು ಅವಳು, ಬೇಡವೆಂದು ಕೈಯಾಡಿಸಿ.

"ಇನ್ನೂ ಓಡಿಲ್ಲವಲ್ಲ ಮನು" ಎಂದರು ಅಪ್ಪ ಮೆಲ್ಲಗೆ.

"ಓಡ್ಲಿ ಬಿಡ್ಲಿ."

ಕೂಲಿಯವನು ಭುಜ ಕುಣಿಸಿ ಹೋದ. ಲಾರಿಯ ಹಿಂಬಾಗಿಲು ಸದ್ದು ಮಾಡಿ ಮುಚ್ಚಿತು. ಅಮ್ಮ ಡಬ್ಬಿಯನ್ನು ಅವಳ ಚೀಲದ ಪಕ್ಕ ಇಟ್ಟು, ಗ್ರೀಸು ತಾಗದ ಹಾಗೆ ಮೊಣಕೈ ಹಿಡಿದು ಒಮ್ಮೆ ಒತ್ತಿ, ಕಾರಿನಲ್ಲಿ ಕೂತರು. ಅಪ್ಪ ಏನೋ ಹೇಳಲು ಬಾಯಿ ತೆರೆದರು. "ಮನೆ ಕೀಲಿ ವಾಚ್‌ಮನ್ ಹತ್ರ ಕೊಡು" ಎಂದಷ್ಟೇ ಬಂತು.

ಕಾರು ಗೇಟು ದಾಟಿದ ಮೇಲೆ ಅವಳು ಸ್ಪ್ಯಾನರನ್ನು ಬಲಕ್ಕೆ ಎಳೆದಳು. ಮೊದಲಿಗೆ ಬರಲಿಲ್ಲ. ಅಷ್ಟು ಹೊತ್ತು ಬಿಗಿ ಮಾಡಿದ್ದು ಅವಳೇ. ಬಾಗಿದ ಪೈಪನ್ನು ತಿರುಗಿಸಿ ತೊಡಿಸಿ, ಅದರ ತುದಿಯ ಮೇಲೆ ಕಾಲಿಟ್ಟು ನಿಂತಾಗ ಕರ್ರೆಂದು ಸದ್ದಾಯಿತು. ಸ್ಪ್ಯಾನರ್ ಜಾರಿತೆಂದುಕೊಂಡಳು. ಕಪ್ ತಿರುಗಿತ್ತು.

ಆಮೇಲೆ ಕೈ ತಾನಾಗಿ ಓಡಿತು. ಬಲಗಡೆಗೆ ಹೊಸ ಕಪ್ ಬಿಗಿದಳು, ಗ್ರೀಸಿನಲ್ಲಿ ಗೋಲಿಗಳನ್ನು ಒಂದೊಂದಾಗಿ ಅಂಟಿಸಿದಳು, ಆಕ್ಸಲ್ ತೂರಿಸಿದಳು, ಎಡಗಡೆಯ ಕಪ್ ತಿರುಗಿಸಿದಳು. ಬಿಗಿಯಾದರೆ ಆಕ್ಸಲ್ ಮೊಂಡುಹಟ ಹಿಡಿಯಿತು, ಸಡಿಲಾದರೆ ಅಲುಗಾಡಿತು. ಎರಡರ ನಡುವಿನ ಜಾಗ ಕೂದಲೆಳೆಯಷ್ಟಿತ್ತು. ಅದು ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಹೊಸ ಪಿನ್ನು ಬಡಿದು ಕ್ರ್ಯಾಂಕುಗಳನ್ನು ಕೂರಿಸಿದಳು. ಊಟದ ನೆನಪೇ ಆಗಲಿಲ್ಲ.

ಖಾಲಿ ಪಾರ್ಕಿಂಗಿನಲ್ಲಿ ಹತ್ತಿ ತುಳಿದಳು. ಕಾಲ ಕೆಳಗೆ ಯಾವ ಸದ್ದೂ ಇರಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಇಳಿಯಲು ಮನಸ್ಸಾಗಲಿಲ್ಲ, ಇಳಿದರೆ ಮಾಡಲು ಮತ್ತೇನೂ ಇರಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದೇ ಎತ್ತಿದಳು.

"ದಾರೀಲಿ ಆಣಂದ್ ಊರ ಹತ್ರ ಬಂದ್ವಿ" ಎಂದರು ಅಪ್ಪ. "ಓಡ್ತಾ?"

ಹೂಂ ಅನ್ನಬಹುದಿತ್ತು. ಅಂದರೆ ಅವರು ಸೋತಂತೆ, ಅವಳು ಗೆದ್ದಂತೆ. ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ, ಇನ್ನೂ ಓಡಿಲ್ಲ."

ಆ ಕಡೆ ಲಾರಿಗಳ ಹಾರ್ನ್ ಕೇಳಿಸಿತು.

"ಆದ್ರೂ ಇರ್ತೀಯಾ?"

"ಇರ್ತೀನಿ."

ಅವಳು ಕಂಬವನ್ನು ಬಳಸಿ ತಿರುಗಿದಳು. ಇನ್ನೊಂದು ಸುತ್ತು ಶುರುವಾಯಿತು.

"ಹಂಗಾದ್ರೆ ಕೇಳು" ಎಂದರು ಅಪ್ಪ. "ಎಡಗಡೆ ಕಪ್ ಪೂರ್ತಿ ಬಿಗಿ ಮಾಡ್ಬಿಟ್ಟು, ಒಂಚೂರು, ಒಂದೇ ಒಂಚೂರು ಹಿಂದಕ್ಕೆ ಬಿಡು. ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡು. ಬರೆದುಕೊಳ್ತೀಯಾ?"

"ಹೇಳಿ ಅಪ್ಪಾ" ಎಂದಳು ಮನಸ್ವಿನಿ ತುಳಿಯುತ್ತ. "ಕೇಳಿಸ್ಕೋತಿದೀನಿ."