ಬಲಸಮುದ್ರದ ನಾವಿಕ

ತುಪ್ಪದ ವಾಸನೆ, ಡೀಸೆಲ್ಲಿನ ಘಾಟಿನ ನಡುವೆಯೂ ತುಪ್ಪದ ವಾಸನೆ, ಸ್ವಾತಂತ್ರ್ಯ ಬಂದು ಇಪ್ಪತ್ತೊಂದು ವರ್ಷವಾಯಿತೆಂದು ಅಡಿಗೆಯವನು ಶೀರಾ ಮಾಡಿದ್ದಾನೆ, ತಗೋ ಕುತುಬುದ್ದೀನ್, ನಿಮ್ಮೂರನ್ನೇ ತಿನ್ನು ಎಂದು ಬೆಳಿಗ್ಗೆ ನಕ್ಕಿದ್ದ, ನಮ್ಮೂರು ಶಿರಾ ಕಣಪ್ಪ, ಶೀರಾ ಅಲ್ಲ — ಈಗ ಯಾರೂ ನಗುವಂತಿಲ್ಲ, ಕೆಮ್ಮುವಂತಿಲ್ಲ, ಚಮಚ ಬೀಳುವಂತಿಲ್ಲ, ಮೇಲೆ ನಮ್ಮದೇ ಯುದ್ಧನೌಕೆ ಈ ಜಲಾಂತರ್ಗಾಮಿಯನ್ನು ಹುಡುಕುತ್ತಿದೆ, ಅಭ್ಯಾಸ ಅಷ್ಟೇ, ಸಿಕ್ಕಿಬಿದ್ದರೆ ಪ್ರಾಣವೇನೂ ಹೋಗದು, ಮಾನ ಹೋಗುತ್ತದೆ. ಬಾವುಟವನ್ನು ಟಾರ್ಪಿಡೊ ಕೊಳವೆಯ ಬಾಗಿಲಿಗೆ ದಾರದಲ್ಲಿ ಕಟ್ಟಿದ್ದಾರೆ, ಹಾರಿಸಲು ಗಾಳಿಯಿಲ್ಲ, ಏರಿಸಲು ಹಗ್ಗವಿಲ್ಲ, ಹಗ್ಗ — ಹಗ್ಗದ ವಿಷಯ ಬೇಡ ಎಂದುಕೊಂಡ ಕುತುಬುದ್ದೀನ್, ಬೇಡವೆಂದದ್ದೇ ತಡ ಅದೇ ಬಂತು, ಬಾವಿಕಟ್ಟೆಯ ಮೇಲೆ ಅಮ್ಮಿ ಹಗ್ಗ ಹಿಡಿದು ಕೂತಿದ್ದಾಳೆ, ಅಪ್ಪ ಹುಸೇನ್ ಸಾಬ್ ಬಾವಿಗಿಳಿದು ಊರವರ ಕೊಡ, ಉಂಗುರ ತೆಗೆದುಕೊಡುವವನು, ಪಾತಾಳಗರಡಿಯ ಕೊಕ್ಕೆಗೆ ಸಿಗದ್ದು ಅವನ ಕೈಗೆ ಸಿಗುತ್ತಿತ್ತು, ಸೊಂಟದ ಹಗ್ಗವನ್ನು ಮೂರು ಸಲ ಜಗ್ಗಿದರೆ ಎಳೆ ಅಂತ ಅರ್ಥ, ಆವತ್ತು ಎರಡು ಸಲ ಜಗ್ಗಿತು, ಮೂರನೆಯದಕ್ಕೆ ಅಮ್ಮಿ ಕಾದಳು, ಕಾದೇ ಕಾದಳು, ಆಮೇಲೆ ಎಳೆದರೆ ಹಗ್ಗ ಹಗುರವಾಗಿ ಬಂತು. ನೀನು ನೀರಿಗಿಳೀಬ್ಯಾಡ ಕಣ್ಲಾ ಕುತ್ಬು, ನನ್ ಮೇಲಾಣೆ. ಹೂಂ ಅಂದಿದ್ದ. ಹಡಗೆಂದರೆ ನೀರಿನ ಮೇಲಿರುವುದು, ಇಳಿದಂತಾಯಿತೇ ಎಂದು ತನಗೆ ತಾನೇ ವಕೀಲನಾಗಿ, ಅಮ್ಮಿಗೆ ಸರ್ಕಾರಿ ನೌಕರಿ ಎಂದಷ್ಟೇ ಹೇಳಿ ನೌಕಾಪಡೆಗೆ ಸೇರಿದ, ಕಡೆಗೆ ನೀರಿನೊಳಗಿನದೇ ಗಂಟುಬಿತ್ತು. ಮನಸ್ಸು ತಡೆಯದೆ ಒಮ್ಮೆ ಕಾಗದ ಬರೆದ, ಅಮ್ಮಿ, ನಾನೀಗ ಸಮುದ್ರದಲ್ಲಿದ್ದೇನೆ. ಓದಿ ಹೇಳಿದ ಪೋಸ್ಟ್‌ಮನ್ ರೇಣುಕಯ್ಯನಿಗೆ ಅಮ್ಮಿ, ಬಲಸಮುದ್ರನಾ, ಪಾವಗಡದ ತಾವ ಐತಲ್ಲ, ಅಲ್ಲಿ ಕುಡಿಯಾಕೇ ನೀರಿಲ್ಲ, ನನ್ ಮಗ ಬದುಕ್ಕಂಡ ಬುಡಪ್ಪ, ಎಂದಳಂತೆ, ಅಂಗೇ ಇರ್ಲಿ ಅಂತ ನಾನೂ ಸುಮ್ಕಾಗ್ಬುಟ್ಟೆ ಎಂದು ರೇಣುಕಯ್ಯ ಬರೆದಿದ್ದ, ಅದನ್ನೋದಿ ಕುತುಬುದ್ದೀನ್ ನಕ್ಕಿದ್ದ, ಕೆರೆಗೆಲ್ಲ ಸಮುದ್ರವೆನ್ನುವ ನಮ್ಮ ಸೀಮೆಯ ಜಂಬ ನನ್ನನ್ನು ಕಾಪಾಡಿತು ಎಂದು. ಮೊನ್ನೆ ಅವನದೇ ಇನ್ನೊಂದು ಕಾರ್ಡು, ನಿಮ್ಮಮ್ಮ ಹದಿನೈದನೇ ತಾರೀಕು ಬಲಸಮುದ್ರಕ್ಕೆ ಒಂಟವ್ರೆ, ಮಗ ಬಾವುಟ ಹಾರ್ಸೋದು ನೋಡ್ಬೇಕಂತೆ, ನಿಜ ಹೇಳಾಕೆ ನನ್ ಕೈಲಾಗಲ್ಲ ಕಣಪ್ಪ. ತಂತಿ ಕೊಡಲು ಹೊರಟವನನ್ನು ಬಂದರಿನ ಗೇಟಿನಲ್ಲೇ ತಡೆದರು, ಯಾರೂ ಹೊರಹೋಗುವಂತಿಲ್ಲ, ಬಾಗಿಲು ಮುಚ್ಚಿತು, ಮೇಲೆ ನೀರು ಕೂಡಿಕೊಂಡಿತು.

ಎಂಟು ಗಂಟೆ. ಜೈ ಹಿಂದ್ ಕೂಗುವಂತಿಲ್ಲ, ಸದ್ದಿಲ್ಲದೆ ಬಾಯಿ ತೆರೆದು ಮೂರು ಸಲ ಮುಷ್ಟಿ ಎತ್ತಬೇಕೆಂದು ಕ್ಯಾಪ್ಟನ್ ಪಿಸುಗುಟ್ಟಿದರು. ಅಮ್ಮಿ ಈಗ ಬಸ್ಸಿಳಿದಿರಬೇಕು, ಶಾಲೆಯ ಬಯಲಲ್ಲಿ ಕಂಡವರನ್ನೆಲ್ಲ ಕೇಳುತ್ತಿರಬೇಕು, ನಮ್ ಕುತ್ಬು ಎಲ್ಲಪ್ಪಾ, ಬಿಳೀ ಡ್ರೆಸ್ಸು ಆಕಿರ್ತಾನೆ, ಊರಿಗೊಬ್ಬ ಬುದ್ಧಿವಂತ ಇದ್ದೇ ಇರುತ್ತಾನೆ, ಅಂಥೋರು ಈಡ ಲೇರಮ್ಮಾ, ಇಲ್ಲಿಲ್ಲ ಅಂಥೋರು, ಬಿಳೀ ಡ್ರೆಸ್ಸಂದ್ರೆ ಸಮುದ್ರದ ನೌಕರಿ, ನೀರಾಗಿರ್ತಾನೆ, ಅನ್ನಬೇಡ ಪುಣ್ಯಾತ್ಮ, ಆ ಮಾತೊಂದನ್ನು ಅನ್ನಬೇಡ, ಭಯವಾಗುತ್ತಿದೆ, ಮುಳುಗಿರುವುದಕ್ಕಲ್ಲ, ಅಮ್ಮಿಗೆ ಗೊತ್ತಾಗುವುದಕ್ಕೆ — ಮೊದಲ ಮುಷ್ಟಿ ಎದ್ದಿತು, ಹದಿನೈದು ಬಾಯಿಗಳು ತೆರೆದು ಮುಚ್ಚಿದವು, ಎರಡನೆಯದೂ ಎದ್ದಿಳಿಯಿತು — ಟಣ್, ತಲೆಯ ಮೇಲಿನ ಕಬ್ಬಿಣಕ್ಕೆ ಯಾರೋ ಕಲ್ಲೆಸೆದ ಹಾಗೆ, ಹುಡುಕುವ ನೌಕೆಯ ಸದ್ದು, ಕ್ಯಾಪ್ಟನ್ನರ ಅಂಗೈ ಮೇಲೆದ್ದಿತು, ಯಾರೂ ಅಲುಗಬೇಡಿ, ಕುತುಬುದ್ದೀನನ ಮುಷ್ಟಿ ಸೊಂಟದ ಬಳಿಯೇ ನಿಂತಿತು, ಮೂರನೆಯದು ಉಳಿಯಿತು, ಇನ್ನೊಂದು ಸ್ವಾಮಿ, ಇನ್ನೊಂದೇ ಒಂದು, ಬಲಸಮುದ್ರದಲ್ಲಿ ಬಾವುಟ ಬಿಚ್ಚಿಕೊಂಡು ಎಲ್ಲರೂ ಮೇಲೆ ನೋಡುತ್ತಿದ್ದಾರೆ, ಅಮ್ಮಿಯೊಬ್ಬಳು ಕಂಬದ ಹಗ್ಗ ನೋಡುತ್ತಿದ್ದಾಳೆ, ಎರಡು ಸಲ ಜಗ್ಗಿತು, ಎರಡೇ ಸಲ, ಅಮ್ಮಿಯ ಕೈಯಲ್ಲಿ ಹಗ್ಗ, ಹಗ್ಗ ಹಗುರ, ಹಗ್ಗ